ಬಿಷಪ್ ಕೊಲೆನ್ಸೊ ವಿಚಾರಣೆ

ಗಣಿತದ ಪಠ್ಯಪುಸ್ತಕಗಳಿಂದ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಜಾನ್ ವಿಲಿಯಂ ಕೊಲೆನ್ಸೊ ಅವರು 1853ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ವಸಾಹತಿಗೆ ಆಂಗ್ಲಿಕನ್ ಸಭೆಯ ಮೊದಲ ಬಿಷಪ್ಪರಾದರು. ಜುಲು ಭಾಷೆಯನ್ನು ಕಲಿತು ಬೈಬಲನ್ನು ಆ ಭಾಷೆಗೆ ತರುತ್ತಿದ್ದಾಗ, ನೋಹನ ಕಾಲದ ಜಲಪ್ರಳಯ ನಿಜವಾಗಿ ನಡೆದದ್ದೇ ಎಂದು ಜುಲು ಸಹಾಯಕ ವಿಲಿಯಂ ಎನ್‌ಗಿಡಿ ಕೇಳಿದ ಪ್ರಶ್ನೆಗೆ ಮನಸ್ಸಾಕ್ಷಿ ಒಪ್ಪುವ ಉತ್ತರ ಕೊಡಲಾರದೆ, ಅವರು ಪಂಚಗ್ರಂಥವನ್ನು, ಅಂದರೆ ಮೋಶೆ ಬರೆದನೆಂದು ಪರಂಪರೆ ನಂಬಿದ ಬೈಬಲಿನ ಮೊದಲ ಐದು ಪುಸ್ತಕಗಳನ್ನು, ಹೊಸದಾಗಿ ಪರೀಕ್ಷಿಸತೊಡಗಿದರು. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರಲ್ಲಿ ಗಂಡಸರೇ ಆರು ಲಕ್ಷವಿದ್ದರೆ ಒಟ್ಟು ಜನ ಇಪ್ಪತ್ತು ಲಕ್ಷವಾದರೂ ಇರಬೇಕು, ಅಷ್ಟು ಜನರೂ ಅವರ ದನಕುರಿಗಳೂ ಮರುಭೂಮಿಯಲ್ಲಿ ಬದುಕಿದ್ದು ಹೇಗೆ ಎಂಬಂಥ ಲೆಕ್ಕಗಳನ್ನು ಮುಂದಿಟ್ಟು, ಈ ಗ್ರಂಥಗಳನ್ನು ಚರಿತ್ರೆಯೆಂದು ಓದಲಾಗದು ಎಂದು 1862ರಲ್ಲಿ ಪ್ರಕಟಿಸಿದರು. ಅದಕ್ಕೂ ಹಿಂದಿನ ವರ್ಷ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ವ್ಯಾಖ್ಯಾನದಲ್ಲಿ, ನಿತ್ಯ ನರಕಶಿಕ್ಷೆಯ ಬೋಧನೆಯನ್ನು ನಿರಾಕರಿಸಿದ್ದರು. ಕ್ರಿಸ್ತನನ್ನು ಅರಿಯದೆ ಸತ್ತ ಪೂರ್ವಜರೆಲ್ಲ ನರಕದಲ್ಲಿದ್ದಾರೆಂದು ಜುಲು ಜನರಿಗೆ ಬೋಧಿಸಲು ಒಪ್ಪದ ಆ ಅಂತಃಕರಣವನ್ನು ಕಡೆಗಣಿಸಿ, ಅವರ ನಿಲುವನ್ನು ಬರಿಯ ಪಂಡಿತನ ಹಟವೆಂದು ಕರೆಯುವುದು ಅನ್ಯಾಯ.

ಕೇಪ್ ಟೌನಿನ ಬಿಷಪ್ ರಾಬರ್ಟ್ ಗ್ರೇ ಅವರು ಮೆಟ್ರೊಪಾಲಿಟನ್, ಎಂದರೆ ಪ್ರಾಂತದ ಇತರ ಬಿಷಪ್ಪರ ಮೇಲ್ವಿಚಾರಣೆ ಹೊತ್ತ ಹಿರಿಯ ಬಿಷಪ್. ಮೂವರು ಪಾದ್ರಿಗಳು ಸಲ್ಲಿಸಿದ ಒಂಬತ್ತು ಆರೋಪಗಳನ್ನು ಅವರು 1863ರ ನವೆಂಬರಿನಲ್ಲಿ ಇನ್ನಿಬ್ಬರು ಬಿಷಪ್ಪರೊಡನೆ ಕುಳಿತು ಆಲಿಸಿದರು. ಇಂಗ್ಲೆಂಡಿನಲ್ಲಿದ್ದ ಕೊಲೆನ್ಸೊ ಹಾಜರಾಗದೆ, ಈ ಪೀಠಕ್ಕೆ ತಮ್ಮನ್ನು ವಿಚಾರಿಸುವ ಅಧಿಕಾರವೇ ಇಲ್ಲವೆಂಬ ಪ್ರತಿಭಟನೆಯನ್ನು ಭಾಷಾವಿಜ್ಞಾನಿ ವಿಲ್ಹೆಲ್ಮ್ ಬ್ಲೀಕ್ ಅವರ ಮೂಲಕ ಸಲ್ಲಿಸಿದರು. ಡಿಸೆಂಬರ್ 16ರಂದು ಪದಚ್ಯುತಿಯ ತೀರ್ಪು ಬಂತು. ಗ್ರೇ ಅವರ ಶ್ರದ್ಧೆ ಪ್ರಾಮಾಣಿಕವಾದದ್ದೇ. ಆದರೆ ಕೊಲೆನ್ಸೊ ಅವರ ರೋಮಾಪುರದ ಪತ್ರಿಕೆಯ ವ್ಯಾಖ್ಯಾನದ ವಿರುದ್ಧ ಮೊದಲೇ ಇಂಗ್ಲೆಂಡಿನ ಬಿಷಪ್ಪರಿಗೆ ದೂರಿದ್ದವರೇ ನ್ಯಾಯಪೀಠದಲ್ಲಿ ಕುಳಿತದ್ದು ವಿಚಾರಣೆಯ ದೊಡ್ಡ ದೋಷ.

ಕೊಲೆನ್ಸೊ ಬ್ರಿಟಿಷ್ ಸಾಮ್ರಾಜ್ಯದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲಿನ ಮೊರೆಹೊಕ್ಕರು. ಸ್ವಂತ ಶಾಸನಸಭೆಯುಳ್ಳ ವಸಾಹತಿನಲ್ಲಿ ಕೇವಲ ರಾಣಿಯ ಸನ್ನದಿನಿಂದ ದಂಡನಾಧಿಕಾರ ಹುಟ್ಟಲಾರದು, ಆದ್ದರಿಂದ ಗ್ರೇ ಅವರ ತೀರ್ಪು ಅಸಿಂಧು ಎಂದು ಆ ಪೀಠ 1865ರ ಮಾರ್ಚಿನಲ್ಲಿ ಸಾರಿತು. ತಡೆಹಿಡಿದಿದ್ದ ವೇತನವೂ ಮರುವರ್ಷ ಇನ್ನೊಂದು ನ್ಯಾಯಾಲಯದಿಂದ ಅವರಿಗೆ ದೊರೆಯಿತು. ಗ್ರೇ ಮಣಿಯಲಿಲ್ಲ: 1866ರಲ್ಲಿ ಬಹಿಷ್ಕಾರ, ಅಂದರೆ ಸಂಸ್ಕಾರಗಳಿಂದಲೂ ಸಹವಾಸದಿಂದಲೂ ಹೊರಗಿಡುವ ಶಿಕ್ಷೆ, ಘೋಷಿಸಿ, 1869ರಲ್ಲಿ ಅದೇ ಸೀಮೆಗೆ ಬೇರೊಬ್ಬ ಬಿಷಪ್ಪರನ್ನು ಕರೆತಂದರು. ಮರುವರ್ಷ ದಕ್ಷಿಣ ಆಫ್ರಿಕದ ಸಭೆ, ಸದಸ್ಯರ ಸಮ್ಮತಿಯ ಮೇಲೆ ನಿಂತ ತನ್ನದೇ ಸಂವಿಧಾನವನ್ನು ಅಂಗೀಕರಿಸಿ, ಬೋಧನೆಯ ವಿಷಯದಲ್ಲಿ ಪ್ರಿವಿ ಕೌನ್ಸಿಲಿನ ವ್ಯಾಖ್ಯಾನ ತನ್ನ ಪೀಠಗಳನ್ನು ಕಟ್ಟಿಹಾಕದೆಂದು ಅದರಲ್ಲಿ ಬರೆದುಕೊಂಡಿತು.

ಕೊಲೆನ್ಸೊ ನಟಾಲನ್ನು ಬಿಡಲಿಲ್ಲ. ಹ್ಲುಬಿ ಜನರ ಒಡೆಯ ಲಂಗಲಿಬಲೆಲೆಯನ್ನು ವಸಾಹತಿನ ಸರಕಾರ 1874ರಲ್ಲಿ ಅಡ್ಡಾದಿಡ್ಡಿಯಾಗಿ ವಿಚಾರಿಸಿ ಶಿಕ್ಷಿಸಿದಾಗ ಅವನ ಪರ ನಿಂತು, ತಮ್ಮನ್ನು ಬೆಂಬಲಿಸಿದ್ದ ಬಿಳಿಯರ ಒಲವನ್ನೂ ಕಳೆದುಕೊಂಡರು. 1879ರ ಜುಲು ಯುದ್ಧವನ್ನೂ ಖಂಡಿಸಿದರು. ಕಾನೂನಿನ ದೃಷ್ಟಿಯಲ್ಲಿ ನಟಾಲಿನ ಬಿಷಪ್ಪರಾಗಿಯೇ 1883ರಲ್ಲಿ ತೀರಿಕೊಂಡರು. ಅವರ ಮೇಲೆ ಹೊರಿಸಿದ ಒಂಬತ್ತು ಆರೋಪಗಳ ಸತ್ಯಾಸತ್ಯವನ್ನು ಕಾನೂನುಬದ್ಧ ಅಧಿಕಾರವುಳ್ಳ ಯಾವ ಪೀಠವೂ ವಿಚಾರಿಸಲೇ ಇಲ್ಲ.