ಪೋಲಿಯೋ ವ್ಯಾಧಿ: ಗೆಲವಿನ ಮೇಲೆ ಉಳಿದ ಶೇಷ

ಬೆಂಕಿಯಲ್ಲಿಯೂ ಸಾಲದಲ್ಲಿಯೂ ಶೇಷವನ್ನುಳಿಸಬಾರದೆಂಬುದು ನಮ್ಮ ಹಿರಿಯರ ಅನುಭವದ ಮಾತು. ಉಳಿದ ಕಿಡಿಯು ಮತ್ತೊಮ್ಮೆ ಮನೆಯನ್ನು ಸುಡುವುದು. ಉಳಿದ ಸಾಲವು ಮಕ್ಕಳ ತಲೆಯ ಮೇಲೆ ಬೀಳುವುದು. ಪೋಲಿಯೋ ಎಂಬ ಶಿಶುವೈರಿಯನ್ನು ಭಾರತವು ಗೆದ್ದು ಒಂದು ದಶಕಕ್ಕೆ ಮಿಕ್ಕಿದ ಈ ಕಾಲದಲ್ಲಿ ಆ ಮಾತನ್ನು ವಾಚಕರ ನೆನಪಿಗೆ ತರುವುದು ಅವಶ್ಯವೆಂದು ನಮಗೆ ತೋರುತ್ತದೆ. ಗೆಲವು ನಿಜವಾದುದೇ ಸರಿ. ಆದರೆ ಅದರ ಮೇಲೆ ಒಂದು ಅಗ್ನಿಶೇಷವೂ ಒಂದು ಋಣಶೇಷವೂ ಉಳಿದಿರುವುವು.

ವ್ಯಾಧಿಯ ಸ್ವರೂಪವನ್ನು ಮೊದಲು ತಿಳಿಯತಕ್ಕದ್ದು. ಇದು ವೈರಸ್ಸಿನಿಂದಾದುದೆಂಬುದನ್ನು 1908ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್, ಎರ್ವಿನ್ ಪಾಪರ್ ಎಂಬಿಬ್ಬರು ವೈದ್ಯರು ತೋರಿಸಿಕೊಟ್ಟರು. ಸೋಂಕಿದವರ ಮಲದಿಂದ ನೀರಿಗೂ ಕೈಗೂ ಅನ್ನಕ್ಕೂ ಸೇರಿ, ಬಾಯಿಯ ಮಾರ್ಗವಾಗಿ ಅದು ಮತ್ತೊಂದು ಮಗುವಿನ ಕರುಳನ್ನು ಹೊಕ್ಕು ಅಲ್ಲಿ ವೃದ್ಧಿಹೊಂದುವುದು. ಬಹುಮಂದಿಗೆ ಯಾವ ಬಾಧೆಯೂ ತೋರದು. ಕೆಲವರಿಗೆ ಜ್ವರ ಬಂದು ಇಳಿಯುವುದು. ಮತ್ತೆ ಕೆಲವರಿಗೆ ಮೆದುಳಿನ ಪೊರೆಯು ಉರಿಗೊಂಡು ತಲೆನೋವೂ ಕುತ್ತಿಗೆಯ ಬಿಗಿತವೂ ಕಾಣಿಸಿಕೊಂಡು ಶಮನವಾಗುವುವು. ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ, ಸ್ನಾಯುಗಳಿಗೆ ಚಲನೆಯ ಆಜ್ಞೆಯನ್ನು ಕಳುಹಿಸುವ ಬೆನ್ನುಹುರಿಯ ನರಕೋಶಗಳು ನಾಶವಾಗಿ ಕೈಕಾಲುಗಳು ಸೋಲುವುವು. ಸ್ಪರ್ಶಜ್ಞಾನವು ಕೆಡುವುದಿಲ್ಲ, ಬುದ್ಧಿಯು ಕುಂದುವುದಿಲ್ಲ. ಮಗುವಿಗೆ ಎಲ್ಲವೂ ತಿಳಿಯುವುದು, ಕಾಲು ಮಾತ್ರ ಏಳದು. ಹೀಗೆ ಅಂಗ ಸೋತವರಲ್ಲಿ ನೂರಕ್ಕೆ 5ರಿಂದ 10 ಮಂದಿ, ಉಸಿರಾಟದ ಸ್ನಾಯುಗಳೂ ನಿಶ್ಚಲವಾಗಿ ಮೃತರಾಗುವರು. ಸತ್ತ ನರಕೋಶವು ಮತ್ತೆ ಹುಟ್ಟದಾದುದರಿಂದ ಇದನ್ನು ಗುಣಪಡಿಸುವ ಔಷಧವಿಲ್ಲ, ತಡೆಯುವುದೊಂದೇ ಉಪಾಯ.

ಒಂದು ಊರಿನಲ್ಲಿ ಒಂದು ಮಗು ಕುಂಟಾಯಿತೆಂದರೆ, ಆ ಊರಿನ ಓಣಿಓಣಿಗಳಲ್ಲಿ ಸೋಂಕು ಆಗಲೇ ಸಂಚರಿಸಿದೆಯೆಂದೇ ಅರ್ಥ. ಈ ಕಾರಣದಿಂದಲೇ, ತನ್ನ ಮಗುವನ್ನು ತಾನು ಕಾಪಾಡಿಕೊಂಡರೆ ಸಾಕೆಂಬ ಗೃಹಸ್ಥನ ನೀತಿಯು ಇಲ್ಲಿ ಸಲ್ಲದು. ನಾಡಿನ ಮಕ್ಕಳೆಲ್ಲರೂ ರಕ್ಷಿತರಾದ ಹೊರತು ಯಾರ ಮಗುವೂ ನಿಶ್ಚಿಂತವಲ್ಲ.

ಈ ತತ್ತ್ವವನ್ನು ನಮ್ಮ ದೇಶವು ಆಚರಣೆಯಲ್ಲಿ ತೋರಿಸಿತು. 1995ರಲ್ಲಿ ಪಲ್ಸ್ ಪೋಲಿಯೋ ಕಾರ್ಯವು ದೇಶವ್ಯಾಪಿಯಾಗಿ ಮೊದಲಾಯಿತು. ಒಂದೊಂದು ರಾಷ್ಟ್ರೀಯ ಸುತ್ತಿನಲ್ಲಿ ಸುಮಾರು 17 ಕೋಟಿ ಮಕ್ಕಳಿಗೆ, 20 ಲಕ್ಷಕ್ಕೆ ಮಿಕ್ಕಿದ ಕಾರ್ಯಕರ್ತರು ಹನಿಗಳನ್ನು ಹಾಕಿದರು. ರೈಲುನಿಲ್ದಾಣಗಳಲ್ಲಿಯೂ, ಇಟ್ಟಿಗೆಯ ಭಟ್ಟಿಗಳಲ್ಲಿಯೂ, ಬಿಹಾರದ ಕೋಸಿ ನದಿಯ ನೆರೆಯ ನಾಡಿನಲ್ಲಿಯೂ ಮಕ್ಕಳನ್ನು ಅರಸಿ, ಕಿರುಬೆರಳಿಗೆ ಮಸಿಯ ಗುರುತಿಟ್ಟರು. 2009ರಲ್ಲಿ 741 ಪ್ರಕರಣಗಳಿದ್ದ ದೇಶದಲ್ಲಿ 2010ರಲ್ಲಿ 42 ಉಳಿದುವು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿನಲ್ಲಿ ಕಾಣಿಸಿಕೊಂಡುದೇ ಕಾಡು ವೈರಸ್ಸಿನ ಕಡೆಯ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋಮುಕ್ತವೆಂದು ಪ್ರಮಾಣೀಕರಿಸಿತು. ಬಡತನ, ಜನಸಂದಣಿ, ಮಲಿನ ನೀರು ಇವುಗಳ ದೆಸೆಯಿಂದ ಇಲ್ಲಿ ಇದು ಎಂದಿಗೂ ಆಗದ ಕಾರ್ಯವೆಂದವರಿಗೆ ನಮ್ಮ ಅಂಗನವಾಡಿಯ ಹೆಣ್ಣುಮಕ್ಕಳೂ ಆಶಾ ಕಾರ್ಯಕರ್ತೆಯರೂ ಕೊಟ್ಟ ಉತ್ತರವಿದು.

ಇನ್ನು ಅಗ್ನಿಶೇಷದ ವಿಚಾರ. ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ಕಾಡು ವೈರಸ್ಸಿನ ಸಂಚಾರವು ಇನ್ನೂ ಕಡಿದಿಲ್ಲ. ಅದಲ್ಲದೆ, ಬಾಯಿಯ ಹನಿಯಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಸ್ಸು. ಎಲ್ಲರೂ ಲಸಿಕೆ ಪಡೆದಲ್ಲಿ ಅದು ತಾನಾಗಿಯೇ ನಶಿಸುವುದು. ಲಸಿಕೆಯಿಲ್ಲದವರು ಹೆಚ್ಚಿದ್ದಲ್ಲಿ ಕರುಳಿನಿಂದ ಕರುಳಿಗೆ ಬಹುಕಾಲ ಸಂಚರಿಸಿ, ಕಳೆದುಕೊಂಡ ಕ್ರೌರ್ಯವನ್ನು ಮರಳಿ ಪಡೆಯಬಲ್ಲುದು. ಇಂಥ ವೈರಸ್ಸಿನಿಂದಲೇ 2022ರಲ್ಲಿ ಸಿರಿವಂತ ನ್ಯೂಯಾರ್ಕ್ ಸಂಸ್ಥಾನದಲ್ಲಿ ಲಸಿಕೆ ಪಡೆಯದ ತರುಣನೊಬ್ಬನೂ, 2024ರಲ್ಲಿ ಯುದ್ಧಪೀಡಿತ ಗಾಜಾದಲ್ಲಿ ಹತ್ತು ತಿಂಗಳ ಕೂಸೂ ಅಂಗ ಸೋತರು. ದೋಷವು ಹನಿಯದಲ್ಲ, ಹನಿ ತಲುಪದ ಮನೆಗಳದು. ಆದುದರಿಂದ ಹುಟ್ಟಿದೊಡನೆಯೂ 6, 10, 14ನೆಯ ವಾರಗಳಲ್ಲಿಯೂ ಕೊಡತಕ್ಕ ಹನಿಗಳನ್ನೂ, 2015ರಿಂದ ಸೇರಿಸಲ್ಪಟ್ಟ ಚುಚ್ಚುಮದ್ದನ್ನೂ ಯಾವ ತಂದೆತಾಯಿಗಳೂ ಉಪೇಕ್ಷಿಸಬಾರದು. 15 ವರ್ಷದೊಳಗಿನ ಯಾವ ಮಗುವಿನ ಕೈಕಾಲಾದರೂ ಹಠಾತ್ತಾಗಿ ಜೋತುಬಿದ್ದರೆ ಆರೋಗ್ಯಾಧಿಕಾರಿಗಳಿಗೆ ಕೂಡಲೇ ತಿಳಿಸಿ, ಮಲದ ಪರೀಕ್ಷೆ ಮಾಡಿಸತಕ್ಕದ್ದು.

ಋಣಶೇಷವು ಇದಕ್ಕಿಂತ ಸಮೀಪದ್ದು. ಹನಿಯು ತಲುಪುವುದಕ್ಕೆ ಮೊದಲೇ ಹುಟ್ಟಿದ ಲಕ್ಷಾಂತರ ಮಂದಿ ಸೋತ ಕಾಲುಗಳೊಡನೆ ನಮ್ಮ ನಡುವೆ ಬಾಳುತ್ತಿರುವರು. ಅವರಲ್ಲಿ ಕೆಲವರಿಗೆ ದಶಕಗಳ ತರುವಾಯ ಸ್ನಾಯುಗಳು ಪುನಃ ಕ್ಷೀಣಿಸುವುದುಂಟು. ಶೈಶವದಲ್ಲಿಯೇ ಪೋಲಿಯೋಪೀಡಿತರಾದ ಬೆಂಗಳೂರಿನ ಮಾಲತಿ ಹೊಳ್ಳ ಅವರು ಚಕ್ರಕುರ್ಚಿಯಲ್ಲಿ ಕುಳಿತೇ ಕ್ರೀಡಾಂಗಣದಲ್ಲಿ ನಾಡಿಗೆ ಕೀರ್ತಿ ತಂದು ಅರ್ಜುನ ಪ್ರಶಸ್ತಿಯನ್ನೂ, 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಅವರನ್ನು ಕೊಂಡಾಡುವುದು ಸುಲಭ. ಅವರ ಕುರ್ಚಿಗೆ ದಾರಿ ಮಾಡುವುದು ಕರ್ತವ್ಯ. ಇರುವ ಸಾರ್ವಜನಿಕ ಕಟ್ಟಡಗಳೆಲ್ಲವನ್ನೂ ನಿಯಮ ಪ್ರಕಟವಾದ ಐದು ವರ್ಷಗಳೊಳಗೆ ಅಂಗವೈಕಲ್ಯವುಳ್ಳವರು ಪ್ರವೇಶಿಸುವಂತೆ ಮಾರ್ಪಡಿಸಬೇಕೆಂದು 2016ರ ಶಾಸನವು ವಿಧಿಸಿತು. ನಿಯಮಗಳು 2017ರಲ್ಲಿ ಹೊರಟುವು. ಆ ಐದು ವರ್ಷಗಳು ಎಂದೋ ಸಂದುವು.

ಅಧಿಕಾರಸ್ಥಾನದಲ್ಲಿರುವ ವಾಚಕರು ನಾಳೆ ತಮ್ಮ ಕಛೇರಿಯ ಮೆಟ್ಟಿಲುಗಳನ್ನೊಮ್ಮೆ ಎಣಿಸಿ ನೋಡಲಿ. ಕೈಯೂರಿ ಬರುವವನೊಬ್ಬನು ಅವುಗಳನ್ನು ಏರಬಲ್ಲನೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಕೂಸಿನ ಬಾಯಿಗೆ ಎರಡು ಹನಿಗಳನ್ನು ಮನೆಬಾಗಿಲಿಗೇ ಒಯ್ದು ಮುಟ್ಟಿಸಿದ ರಾಷ್ಟ್ರಕ್ಕೆ, ಅದೇ ಪೀಳಿಗೆಯ ಅಣ್ಣಂದಿರಿಗೊಂದು ಇಳಿಜಾರನ್ನು ಕಟ್ಟಿಕೊಡುವುದು ಅಸಾಧ್ಯವೆಂದು ಯಾರು ತಾನೇ ನಂಬಿಯಾರು?