ಬಿಟ್ಟಿ ಸಿಕ್ಕಿದ ತಂತ್ರಾಂಶ, ಬಿಟ್ಟುಕೊಡದ ಹಕ್ಕು

ಶೇಂದ್ರಾದ ಕಾರಖಾನೆಗಳ ಕಚೇರಿಗಳಲ್ಲಿ ಲೆಕ್ಕಪತ್ರ ನೋಡುವ ನಮ್ಮ ಗುಮಾಸ್ತ ಬಂಧುಗಳಾಗಲಿ, ಜಾಲನಾ ರಸ್ತೆಯ ಹೋಟೆಲುಗಳಲ್ಲಿ ಗಲ್ಲಾದ ಮೇಲೆ ಕುಳಿತಿರುವ ತರುಣರಾಗಲಿ ಇಂದು ಗಣಕಯಂತ್ರವನ್ನು ಬಿಟ್ಟು ಒಂದು ಗಳಿಗೆ ಇರಲಾರರು. ಗಿರಾಕಿಯ ಬಿಲ್ಲು ಹೊರಡುವುದು ಅದರಿಂದ, ಉಗ್ರಾಣದ ಲೆಕ್ಕ ಇರುವುದು ಅದರಲ್ಲಿ; ಊರಿನ ತಹಸೀಲ್ದಾರರಿಗೆ ಬರೆಯಬೇಕಾದ ಕನ್ನಡ ಅರ್ಜಿಯೂ ಸಿದ್ಧವಾಗುವುದು ಅದರಲ್ಲಿಯೇ. ಇವುಗಳಿಗೆ ಬೇಕಾದ ತಂತ್ರಾಂಶಗಳನ್ನು ಬಹುಮಂದಿ ಅಂತರಜಾಲದ ಸಾರ್ವಜನಿಕ ಭಂಡಾರಗಳಿಂದ ಇಳಿಸಿಕೊಳ್ಳುತ್ತಾರೆ. ಸ್ವಲ್ಪ ಕೈ ಪಳಗಿದವರು ತಾವು ಮಾಡಿದುದನ್ನು, ಕೆಲವೊಮ್ಮೆ ಇತರರು ಮಾಡಿದುದನ್ನೂ, ಅಲ್ಲಿಗೆ ಏರಿಸುತ್ತಾರೆ. ಇಳಿಸುವಾಗಲೂ ಏರಿಸುವಾಗಲೂ "ಇದರ ಒಡೆಯರು ಯಾರು?" ಎಂದು ಕೇಳುವವರು ಮಾತ್ರ ವಿರಳ. ಹಾಗೆ ಕೇಳದಿರುವುದರಿಂದ ನೌಕರಿಗೂ ಜೇಬಿಗೂ ಬರಬಹುದಾದ ಕಷ್ಟ ಸಣ್ಣದಲ್ಲವಾದ ಕಾರಣ, ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ದೇಶದ ಗ್ರಂಥಸ್ವಾಮ್ಯದ ಕಾಯಿದೆ 1957ರದು; ಜಾರಿಗೆ ಬಂದುದು 1958ರ ಜನವರಿಯಲ್ಲಿ. ಆಗ ಅದರ ಕಣ್ಣೆದುರಿಗಿದ್ದುದು ಪುಸ್ತಕ, ಚಿತ್ರ, ಸಂಗೀತ, ಸಿನೆಮಾ. ಗಣಕಯಂತ್ರದ ಕ್ರಮವಿಧಿಯನ್ನೂ ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದ್ದು 1984ರ ತಿದ್ದುಪಡಿ. 'ಗ್ರಂಥಸ್ವಾಮ್ಯ' ಎಂಬ ಹಳೆಯ ಮಾತು ಈ ಹೊಸ ಕಾಲಕ್ಕೆ ಹೊಂದದೆಂದು ಕೆಲವರು ಮೂಗು ಮುರಿಯುವುದುಂಟು. ಆದರೆ ಬಿಲ್ಲು ಬರೆಯುವ ತಂತ್ರಾಂಶವೂ ಕಾಯಿದೆಯ ದೃಷ್ಟಿಯಲ್ಲಿ ಕಾದಂಬರಿಯ ಜೊತೆಗೇ ಕುಳಿತಿರುವುದರಿಂದ ಆ ಮಾತೇ ಸರಿಯೆಂದು ನಮಗೆ ತೋರುತ್ತದೆ. ಕರ್ತೃವಿನ ಆಯುಷ್ಯ ಮತ್ತು ಅವನು ತೀರಿಕೊಂಡ ಮೇಲೆ 60 ವರ್ಷ ಈ ಸ್ವಾಮ್ಯ ಉಳಿಯುತ್ತದೆ. ಇದಕ್ಕೆ ನೋಂದಣಿಯಾಗಬೇಕೆಂಬ ನಿರ್ಬಂಧವಿಲ್ಲ. ಬರೆದ ಗಳಿಗೆಯಿಂದಲೇ ಹಕ್ಕು ಹುಟ್ಟುತ್ತದೆ. 'ಇದರ ಮೇಲೆ ಯಾವ ಮುದ್ರೆಯೂ ಇಲ್ಲ, ಆದುದರಿಂದ ಯಾರದೂ ಅಲ್ಲ' ಎನ್ನುವ ವಾದ ಆದಕಾರಣ ನಿಲ್ಲಲಾರದು.

ಯಾವುದಕ್ಕೆ ಸ್ವಾಮ್ಯವುಂಟು, ಯಾವುದಕ್ಕಿಲ್ಲ ಎಂಬುದು ನಮ್ಮ ಕಸುಬಿನವರಿಗೆ ಬೇಗನೆ ತಿಳಿದೀತು. ಮಸಾಲೆ ದೋಸೆ ಮಾಡುವ ವಿಧಾನ ಯಾರೊಬ್ಬರ ಸೊತ್ತೂ ಅಲ್ಲ. ಉಡುಪಿಯ ಭಟ್ಟರು ಮಾಡಬಹುದು, ನಾಸಿಕದ ಮರಾಠಿ ಗೃಹಸ್ಥರೂ ಮಾಡಬಹುದು. ಆದರೆ ಆ ವಿಧಾನವನ್ನು ಒಬ್ಬರು ತಮ್ಮ ಮಾತಿನಲ್ಲಿ ಬರೆದು ಅಚ್ಚು ಹಾಕಿಸಿದ ಪಾಕಪುಸ್ತಕವನ್ನು ಇನ್ನೊಬ್ಬರು ಅಕ್ಷರಶಃ ಎತ್ತಿ ಮುದ್ರಿಸುವಂತಿಲ್ಲ. ತಂತ್ರಾಂಶದಲ್ಲಿಯೂ ಹಾಗೆಯೇ: ಉಪಾಯ ಎಲ್ಲರದು, ಬರೆದ ಸಾಲುಗಳು ಬರೆದವನವು.

ಕನ್ನಡದ ತಂತ್ರಾಂಶಗಳ ಚರಿತ್ರೆಯಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಶ್ರೀ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಎಂದರೆ ನಮ್ಮಂತೆಯೇ ಮಹಾರಾಷ್ಟ್ರಕ್ಕೆ ಬಂದು ದುಡಿದ ಕನ್ನಡಿಗರು. ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲಿಯೇ ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಮೂಡುವಂತೆ ಒಂದು ವಿನ್ಯಾಸವನ್ನು ರಚಿಸಿದರು. ತಾವು ಸಿದ್ಧಪಡಿಸಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟರು. ಆ ಕೀಲಿಮಣೆಯ ವಿನ್ಯಾಸದಿಂದ ಅವರು ಹಣ ಕೇಳಲಿಲ್ಲ, ಅದನ್ನು ಕನ್ನಡಿಗರೆಲ್ಲರ ಬಳಕೆಗೆ ಬಿಟ್ಟರು. ಮುಂದೆ ಅಲ್ಪಸ್ವಲ್ಪ ಮಾರ್ಪಾಟಿನೊಡನೆ ಕರ್ನಾಟಕ ಸರ್ಕಾರವು ಅದನ್ನೇ ಪ್ರಮಾಣಿತವೆಂದು ಅಂಗೀಕರಿಸಿತು. ಇಂದು ನಾವು ಕನ್ನಡದಲ್ಲಿ ಬೆರಳಚ್ಚು ಮಾಡುವಾಗ ಒಬ್ಬ ಮನುಷ್ಯನ ಔದಾರ್ಯದ ಮೇಲೆ ಬೆರಳಾಡಿಸುತ್ತಿದ್ದೇವೆಂಬುದು ಎಷ್ಟು ಜನಕ್ಕೆ ಗೊತ್ತು!

'ಬರಹ'ದ ಕಥೆ ಬೇರೆ. ಅಮೆರಿಕದಲ್ಲಿದ್ದ ಶ್ರೀ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಅದರ ಮೊದಲ ಆವೃತ್ತಿಯನ್ನು ಹೊರತಂದರು. ಬಹುಕಾಲ ಅದು ಉಚಿತವಾಗಿ ದೊರೆಯುತ್ತಿತ್ತು; ಪರದೇಶ ಪರಪ್ರಾಂತಗಳಲ್ಲಿದ್ದ ಕನ್ನಡಿಗರು ಕಾಗದ ಬರೆದುದು, ಸಂಘದ ಆಹ್ವಾನ ಪತ್ರಿಕೆ ಅಚ್ಚು ಮಾಡಿದುದು ಎಷ್ಟೋ ಮಟ್ಟಿಗೆ ಅದರಿಂದಲೇ. ಮುಂದಿನ ಆವೃತ್ತಿಗಳಿಗೆ ಅವರು ಬೆಲೆ ಗೊತ್ತುಮಾಡಿದರು. ಕೆಲವರು ಆಗ ಗೊಣಗಿದರು. ಆ ಗೊಣಗಾಟಕ್ಕೆ ನ್ಯಾಯವಿರಲಿಲ್ಲವೆಂದೇ ನಮ್ಮ ಅಭಿಪ್ರಾಯ. ಹಬ್ಬದ ದಿನ ಹೋಟೆಲಿನವರು ಬಂದವರಿಗೆಲ್ಲ ಪಾಯಸ ಬಡಿಸಿದರೆ, ಮರುದಿನ ಪಾತ್ರೆಯನ್ನೇ ಹೊತ್ತುಕೊಂಡು ಹೋಗಲು ಅಪ್ಪಣೆಯಾಯಿತೆಂದು ಅರ್ಥವಲ್ಲ. ಬೆಲೆ ಕೇಳದೆ ಕೊಟ್ಟವನು ಹಕ್ಕನ್ನೂ ಬಿಟ್ಟುಕೊಟ್ಟನೆಂದು ಭಾವಿಸಿ ಹಳೆಯ ಉಚಿತ ಆವೃತ್ತಿಗಳನ್ನು ಸಿಕ್ಕ ಸಿಕ್ಕ ಭಂಡಾರಕ್ಕೆ ಏರಿಸುವುದು ಈ ಎರಡರ ಭೇದವನ್ನು ಅರಿಯದ ಕೆಲಸ.

ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಪಡಿಸಿದಾಗ, ಅದು 'ಬರಹ'ದ ನಕಲೋ ಅಲ್ಲವೋ ಎಂಬ ವಿವಾದವೆದ್ದು ಪತ್ರಿಕೆಗಳಲ್ಲಿ ವಾದ ಪ್ರತಿವಾದಗಳು ನಡೆದುವು. ಯಾರ ಕಡೆ ನ್ಯಾಯವಿತ್ತೆಂದು ತೀರ್ಪು ಕೊಡಲು ನಾವು ಇಲ್ಲಿ ಹೊರಟಿಲ್ಲ. ಆದರೆ ವಿವಾದದ ಮೂಲದಲ್ಲಿದ್ದ ಪ್ರಶ್ನೆ ತೂಕವುಳ್ಳದು: ಅಕ್ಷರದ ಆಕಾರಕ್ಕೆ ಒಡೆಯರುಂಟೆ? ಕನ್ನಡದ 'ಅ' ಯಾರ ಸೊತ್ತೂ ಅಲ್ಲವಷ್ಟೆ. 2002ರಲ್ಲಿ 'ಆನಂದ ಎಕ್ಸ್‌ಪಾಂಡೆಡ್ ಇಟಾಲಿಕ್ಸ್' ಎಂಬ ಅಚ್ಚಕ್ಷರದ ಪ್ರಕರಣದಲ್ಲಿ ಭಾರತದ ಕಾಪಿರೈಟ್ ಮಂಡಲಿಯು ಅಕ್ಷರವಿನ್ಯಾಸವನ್ನು ಕಲಾಕೃತಿಯೆಂದು ನೋಂದಾಯಿಸಲು ಬಾರದೆಂದು ಹೇಳಿತು. ಆದರೆ ಆ ಆಕಾರವನ್ನು ಪರದೆಯ ಮೇಲೆ ಮೂಡಿಸುವ ಫಾಂಟಿನ ಕಡತ ಬರೇ ಚಿತ್ರವಲ್ಲ, ಒಳಗೆ ಆಜ್ಞೆಗಳನ್ನು ಬರೆದಿಟ್ಟ ಕ್ರಮವಿಧಿಯೂ ಹೌದು. ಕಣ್ಣಿಗೆ ಕಂಡ ಆಕಾರವನ್ನು ನೋಡಿಕೊಂಡು ತಾನೇ ಹೊಸದಾಗಿ ಬರೆಯುವುದಕ್ಕೂ, ಕಡತವನ್ನೇ ನಕಲು ಮಾಡಿ ಹೆಸರು ಬದಲಾಯಿಸುವುದಕ್ಕೂ ಅಜಗಜಾಂತರ.

ಇನ್ನು ಭಂಡಾರಗಳ ಮಾತು. ಇವುಗಳಲ್ಲಿ ಎರಡು ಬಗೆ. ಮೊದಲನೆಯದು ಡೆಬಿಯನ್ನಿನಂತಹುದು. 1993ರಲ್ಲಿ ಆರಂಭವಾದ ಇದನ್ನು ಸ್ವಯಂಸೇವಕರು ನಡೆಸುತ್ತಾರೆ. ಇಲ್ಲಿ ಏರಿಸಿದುದೆಲ್ಲ ನೇರವಾಗಿ ಒಳಗೆ ಹೋಗುವುದಿಲ್ಲ. ಕೃತಿ ಯಾರದು, ಯಾವ ಅನುಜ್ಞೆಯ ಮೇಲೆ ಕೊಟ್ಟಿದೆ ಎಂಬುದನ್ನು ಬರೆದ 'ಕಾಪಿರೈಟ್' ಎಂಬ ಕಡತ ಪ್ರತಿಯೊಂದು ಗಂಟಿನ ಜೊತೆಗೂ ಇರಲೇಬೇಕು. ಹೊಸ ಗಂಟನ್ನು ಬಾಗಿಲಲ್ಲಿ ನಿಂತವರು ಬಿಚ್ಚಿ ನೋಡಿ ಒಳಗೆ ಬಿಡುತ್ತಾರೆ. ಕನ್ನಡದ 'ಗುಬ್ಬಿ', 'ನವಿಲು' ಎಂಬ ಫಾಂಟುಗಳು ಈ ಬಾಗಿಲನ್ನು ದಾಟಿ ಅಲ್ಲಿ ನೆಲೆಸಿವೆ. ಅವುಗಳನ್ನು ಇಳಿಸಿಕೊಂಡು ತಿಂಡಿಪಟ್ಟಿ ಬರೆಯುವ ಹೋಟೆಲಿನವರು ಯಾರಿಗೂ ಅಂಜಬೇಕಾಗಿಲ್ಲ.

ಎರಡನೆಯ ಬಗೆ ಗಿಟ್‌ಹಬ್ಬಿನಂತಹುದು. 2008ರಲ್ಲಿ ತೆರೆದ ಇದನ್ನು 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಕೊಂಡಿತು. ಇಲ್ಲಿ ಬಾಗಿಲು ಸದಾ ತೆರೆದಿದೆ. ಯಾರು ಏನನ್ನು ಬೇಕಾದರೂ ತಂದಿಡಬಹುದು, ತಕರಾರು ಬಂದ ಮೇಲೆಯೇ ವಿಚಾರಣೆ. ಇಲ್ಲಿ ಬಹಿರಂಗವಾಗಿಟ್ಟ ಕೃತಿಗೆ ಅನುಜ್ಞೆಯ ಪತ್ರ ಇಲ್ಲದಿದ್ದರೆ, ಇತರರು ಅದನ್ನು ನೋಡಬಹುದು, ಆ ಭಂಡಾರದೊಳಗೆಯೇ ತಮ್ಮದೊಂದು ಪ್ರತಿ ಇಟ್ಟುಕೊಳ್ಳಬಹುದು. ಹೊರಗೆ ತಂದು ಹಂಚುವ, ಮಾರುವ ಹಕ್ಕು ದೊರೆಯುವುದಿಲ್ಲ. ಅನುಜ್ಞೆಗಳಲ್ಲಿಯೂ ತರತಮಗಳಿವೆ. ಎಂಐಟಿ ಎಂಬುದು ಕರ್ತೃವಿನ ಹೆಸರು ಮತ್ತು ಷರತ್ತಿನ ಮಾತುಗಳನ್ನು ಅಳಿಸದಿದ್ದರೆ ಸಾಕೆನ್ನುತ್ತದೆ. 1989ರಲ್ಲಿ ಮೊದಲು ಪ್ರಕಟವಾದ ಜಿಪಿಎಲ್ ಎಂಬುದು, ನೀನು ಹಂಚುವುದಾದರೆ ಮೂಲ ಬರಹವನ್ನೂ ಕೊಡು, ಅದೇ ಷರತ್ತಿನ ಮೇಲೆಯೇ ಕೊಡು, ಎಂದು ಕಟ್ಟು ಹಾಕುತ್ತದೆ.

ಗುಮಾಸ್ತ ಬಂಧುಗಳು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಕಾರಖಾನೆಯ ಕಚೇರಿಯಲ್ಲಿ ಹಾಜರಿ ಲೆಕ್ಕ ಹಾಕಲು ನೀವೊಂದು ಚಿಕ್ಕ ತಂತ್ರಾಂಶ ಬರೆದಿರೆನ್ನಿ. ಬುದ್ಧಿ ನಿಮ್ಮದು, ರಾತ್ರಿ ನಿದ್ದೆಗೆಟ್ಟವರೂ ನೀವೇ. ಆದರೆ ಕಾಯಿದೆಯ 17ನೆಯ ಕಲಮಿನ ಪ್ರಕಾರ ನೌಕರಿಯ ಕೆಲಸದ ಅಂಗವಾಗಿ ರಚಿಸಿದ ಕೃತಿಗೆ, ಬೇರೆ ಕರಾರು ಇಲ್ಲದಿದ್ದರೆ, ಮೊದಲ ಒಡೆಯ ಧಣಿಯೇ. ಅದನ್ನು ನೀವು ಹೆಮ್ಮೆಯಿಂದ ಭಂಡಾರಕ್ಕೆ ಏರಿಸಿದರೆ, ಧಣಿಯ ಸೊತ್ತನ್ನು ಬೀದಿಯಲ್ಲಿಟ್ಟಂತಾಗುತ್ತದೆ. ಒಳಗೆ ಕೆಲಸಗಾರರ ಹೆಸರು, ಸಂಬಳದ ಅಂಕಿಗಳು ಉಳಿದುಹೋಗಿದ್ದರೆ ಗತಿ ಮತ್ತೂ ಕೆಟ್ಟದು. ಬೇರೊಂದು ಕೆಲಸಕ್ಕೆ ಅರ್ಜಿ ಹಾಕುವಾಗ 'ನನ್ನ ಕೈಚಳಕ ನೋಡಿ' ಎಂದು ತೋರಿಸುವ ಆಸೆಯಿಂದ ತರುಣರು ಹೀಗೆ ಮಾಡುವುದು ಸಹಜ. ಮೇಲಧಿಕಾರಿಗಳಿಂದ ಬರಹದಲ್ಲಿ ಒಪ್ಪಿಗೆ ಪಡೆಯುವುದು ಅದಕ್ಕೆ ಸರಿಯಾದ ದಾರಿ. ಅದು ಸಿಗದಿದ್ದರೆ, ರಜೆಯ ದಿನ ಸ್ವಂತ ಯಂತ್ರದಲ್ಲಿ, ಕಚೇರಿಯ ಕೆಲಸಕ್ಕೆ ಸಂಬಂಧಿಸದ ಬೇರೊಂದನ್ನು ಬರೆದು ತೋರಿಸಬಹುದು. ಆಗಲೂ ನೇಮಕದ ಪತ್ರದಲ್ಲಿ ಏನು ಬರೆದಿದೆಯೆಂದು ಮೊದಲು ಓದಿಕೊಳ್ಳಬೇಕು. ಒಡೆತನ ಧಣಿಯದಾದರೂ, ಕೃತಿ ತನ್ನದೆಂದು ಹೇಳಿಕೊಳ್ಳುವ ಕರ್ತೃವಿನ ವಿಶೇಷ ಹಕ್ಕನ್ನು 57ನೆಯ ಕಲಮು ಉಳಿಸಿಕೊಟ್ಟಿದೆ ಎಂಬುದೊಂದು ಸಮಾಧಾನ.

ಗಲ್ಲಾದವರ ಕಷ್ಟ ಬೇರೆ ಬಗೆಯದು. ಹಣ ಕೊಟ್ಟು ಕೊಳ್ಳಬೇಕಾದ ಬಿಲ್ಲಿನ ತಂತ್ರಾಂಶದ ಬೀಗ ಮುರಿದ ಪ್ರತಿ ಯಾವುದೋ ಭಂಡಾರದಲ್ಲಿ ಬಿಟ್ಟಿ ಸಿಕ್ಕಿತೆಂದು ಹೋಟೆಲಿನ ಯಂತ್ರಕ್ಕೆ ಹಾಕುವುದುಂಟು. ಅಕ್ರಮ ಪ್ರತಿಯೆಂದು ತಿಳಿದೂ ಗಣಕಯಂತ್ರದಲ್ಲಿ ಬಳಸುವವನಿಗೆ 63ಬಿ ಕಲಮಿನಲ್ಲಿ 7 ದಿನಗಳಿಂದ 3 ವರ್ಷಗಳವರೆಗೆ ಸೆರೆಮನೆ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಹೇಳಿದೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದವರಿಗೆ ನ್ಯಾಯಾಲಯ ರಿಯಾಯಿತಿ ತೋರಿಸಬಹುದು. ಹೋಟೆಲಿನ ಗಲ್ಲಾ ವ್ಯಾಪಾರವಲ್ಲವೆಂದು ಯಾರು ವಾದಿಸಿಯಾರು? ಕೀಲಿ ಒತ್ತಿದವನು ಎಂಟು ಹತ್ತು ಸಾವಿರ ಸಂಬಳದ ಹುಡುಗ, ಉಳಿತಾಯವಾದುದು ಯಜಮಾನರಿಗೆ. ನಾವೂ ಹೋಟೆಲು ನಡೆಸಿದವರಾದುದರಿಂದ ಯಜಮಾನರಿಗೆ ಹೇಳಬೇಕಾದುದನ್ನು ಹೇಳಿಬಿಡುತ್ತೇವೆ: ಹುಡುಗನ ಕೈಯಿಂದ ಈ ಕೆಲಸ ಮಾಡಿಸಬೇಡಿ. ಉಚಿತವೇ ಬೇಕಿದ್ದರೆ ಮುಕ್ತ ಅನುಜ್ಞೆಯ ಲೆಕ್ಕದ ತಂತ್ರಾಂಶಗಳೂ ಇವೆ. ಕೊಂಡುಕೊಂಡ ತಂತ್ರಾಂಶ ಕೆಟ್ಟೀತೆಂಬ ಭಯವಿದ್ದರೆ, ನ್ಯಾಯವಾಗಿ ಪಡೆದವನು ರಕ್ಷಣೆಗಾಗಿ ಒಂದು ಪ್ರತಿ ತೆಗೆದಿಟ್ಟುಕೊಳ್ಳಲು ಕಾಯಿದೆಯಲ್ಲಿಯೇ ಅವಕಾಶವಿದೆ.

ನಿಮ್ಮ ಕೃತಿಯನ್ನೇ ಬೇರೊಬ್ಬರು ತಮ್ಮ ಹೆಸರಿನಲ್ಲಿ ಏರಿಸಿದರೆ ಸುಮ್ಮನೆ ಕೂಡಬೇಕಾಗಿಲ್ಲ. ಅಮೆರಿಕದ 1998ರ ಕಾಯಿದೆಯಂತೆ ಗಿಟ್‌ಹಬ್ಬಿಗೆ ತಕರಾರು ಪತ್ರ ಕಳುಹಿಸಬಹುದು. ಅಂತಹ ಪತ್ರಗಳನ್ನು ಅವರು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ತಕರಾರುಗಳೆಲ್ಲ ನ್ಯಾಯವಾದುವೇ ಆಗಿರುತ್ತವೆಂದಲ್ಲ. 2020ರ ಅಕ್ಟೋಬರಿನಲ್ಲಿ ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘವು ಬರೆದ ಪತ್ರದ ಮೇಲೆ 'ಯೂಟ್ಯೂಬ್-ಡಿಎಲ್' ಎಂಬ ತಂತ್ರಾಂಶವನ್ನು ತೆಗೆದುಹಾಕಿ, ಪರಿಶೀಲಿಸಿದ ಮೇಲೆ ನವೆಂಬರಿನಲ್ಲಿ ಪುನಃ ಅದರ ಸ್ಥಾನದಲ್ಲಿಟ್ಟರು. ನಮ್ಮ ದೇಶದಲ್ಲಿ 2012ರ ತಿದ್ದುಪಡಿ ಮತ್ತು 2013ರ ನಿಯಮಗಳ ಪ್ರಕಾರ, ಲಿಖಿತ ದೂರು ತಲುಪಿದ ಮೇಲೆ ಮಧ್ಯವರ್ತಿಯು 36 ಗಂಟೆಗಳೊಳಗೆ ಆ ಕಡತ ಸಿಗದಂತೆ ಮಾಡಬೇಕು. ಈ ತಡೆ ಇರುವುದು 21 ದಿನ ಮಾತ್ರ. ಅಷ್ಟರೊಳಗೆ ದೂರಿದವನು ನ್ಯಾಯಾಲಯದ ಆಜ್ಞೆ ತರದಿದ್ದರೆ ಕಡತವನ್ನು ಮತ್ತೆ ತೆರೆದಿಡಬಹುದು. ದೂರಿನ ಜೊತೆಗೆ ಕೃತಿ ನಿಮ್ಮದೆಂಬುದಕ್ಕೆ ಆಧಾರ ಬೇಕು. ಆದುದರಿಂದ ಮೊದಲ ಕರಡಿನಿಂದ ಹಿಡಿದು ಪ್ರತಿಯೊಂದು ಪ್ರತಿಯನ್ನೂ ತಾರೀಖಿನೊಡನೆ ತೆಗೆದಿಡಿ. ಕಡತದ ತಲೆಯಲ್ಲಿ ನಿಮ್ಮ ಹೆಸರು, ಇಸವಿ, ಯಾವ ಅನುಜ್ಞೆಯ ಮೇಲೆ ಕೊಡುತ್ತೀರಿ ಎಂಬ ಮೂರನ್ನೂ ಬರೆದು ಆಮೇಲೆ ಏರಿಸಿ.