ಗೇಟಿನಲ್ಲಿ ನಿಂತ ಹೊತ್ತು ಯಾರ ಲೆಕ್ಕಕ್ಕೆ?

ಬಿತ್ತನೆಗೆಂದು ಆಳುಗಳನ್ನು ಹೊಲಕ್ಕೆ ಕರೆತಂದ ರೈತ, ಮರೆತುಬಂದ ಬೀಜದ ಚೀಲ ತರಲು ಊರಿಗೆ ಹೋದನೆನ್ನಿ. ಅವನು ಮರಳುವವರೆಗೆ ಆಳುಗಳು ಬದುವಿನ ಮೇಲೆ ಕುಳಿತಿರುತ್ತಾರೆ. ಆ ಅರ್ಧ ತಾಸನ್ನು ಸಂಜೆ ಕೂಲಿಯಲ್ಲಿ ಮುರಿದುಕೊಳ್ಳುವ ರೈತ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಸಿಗುವುದು ಕಷ್ಟ. ಮುರಿದುಕೊಂಡರೆ ಮರುದಿನ ಅವನ ಹೊಲಕ್ಕೆ ಆಳು ಬರುವುದಿಲ್ಲ. ಕಾಯಿಸಿದವನೇ ಕಾದ ಹೊತ್ತಿಗೂ ಕೂಲಿ ಕೊಡಬೇಕೆಂಬುದು ಹಳ್ಳಿಯಲ್ಲಿ ಎಲ್ಲರೂ ಬಲ್ಲ ನ್ಯಾಯ.

ಮಳೆ ಕೈಕೊಟ್ಟ ವರ್ಷ ಇದೇ ಊರುಗಳಿಂದ ಗುಳೆ ಹೋಗಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯನ್ನೋ ಗೋದಾಮನ್ನೋ ಸೇರಿದವರ ಪಾಡು ಬೇರೆ. ಅಂಥ ಒಬ್ಬ ಹೆಣ್ಣುಮಗಳನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಬೆಳಿಗ್ಗೆ ಗೇಟಿನಲ್ಲಿ ಸಾಲು. ಸಂಜೆ ಕಾರ್ಡು ಒತ್ತಿ ಪಾಳಿ ಮುಗಿಸಿದ ಮೇಲೆ ಮತ್ತೆ ಸಾಲು. ಕಾವಲಿನ ಹೆಂಗಸು ಚೀಲ ಬಿಚ್ಚಿಸಿ, ಊಟದ ಡಬ್ಬಿ ತೆಗೆಸಿ, ಮೈ ತಡವಿ ನೋಡುತ್ತಾಳೆ. ಕಾರ್ಡಿನ ಲೆಕ್ಕದಲ್ಲಿ ಅವಳು ಆಗಲೇ ಮನೆಗೆ ಹೋಗಿದ್ದಾಳೆ. ನಿಜದಲ್ಲಿ ಇನ್ನೂ ಮಾಲೀಕರ ಕಾಂಪೌಂಡಿನೊಳಗೇ ಇದ್ದಾಳೆ. ಈ ಹೊತ್ತು ಯಾರದು?

ಇದು ಹತ್ತಿಪ್ಪತ್ತು ನಿಮಿಷದ ಮಾತಲ್ಲವೇ ಎಂದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ದಿನಕ್ಕೆ 20 ನಿಮಿಷದಂತೆ ತಿಂಗಳ 26 ಕೆಲಸದ ದಿನಕ್ಕೆ 520 ನಿಮಿಷ, ಅಂದರೆ 8 ಗಂಟೆ 40 ನಿಮಿಷ. ವರ್ಷಕ್ಕೆ 104 ಗಂಟೆ. ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಅದು 13 ದಿನದ ದುಡಿಮೆ. ಸಾವಿರ ಜನ ದುಡಿಯುವ ಕಾರ್ಖಾನೆಯಾದರೆ ವರ್ಷಕ್ಕೆ 13 ಸಾವಿರ ದಿನಗಳು ಗೇಟಿನ ಸಾಲಿನಲ್ಲಿ ಕರಗಿಹೋಗುತ್ತವೆ.

ಮೈ ತಡವುವ ಈ ಪದ್ಧತಿ ಕರ್ನಾಟಕಕ್ಕೆ ಹೊಸತಲ್ಲ. ಕೋಲಾರದ ಚಿನ್ನದ ಗಣಿಗಳನ್ನು 1880ರಿಂದ ನಡೆಸಿದ ಜಾನ್ ಟೇಲರ್ ಕಂಪನಿಗೆ ಅದಿರು ಕಳವಿನ ಭಯ ಸದಾ ಇತ್ತು. ಹೊರಬರುವ ಕೂಲಿಗಳನ್ನು ಶೋಧಿಸುವುದು, ಅವರ ಬಡಾವಣೆಗಳ ಮೇಲೆ ಕಣ್ಣಿಡುವುದು ಅಲ್ಲಿನ ನಿತ್ಯದ ಬದುಕಾಗಿತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮ ಬಂದಾಗ ಅವರು ಕೆಲಸ ಬಿಟ್ಟು ಮುಷ್ಕರ ಹೂಡಿದರು. ತಮ್ಮನ್ನು ಕಳ್ಳರಂತೆ ಕಾಣುವುದನ್ನು ಅವರು ಸಹಿಸಲಿಲ್ಲ. ತಪಾಸಣೆಯ ಪ್ರಶ್ನೆ ಮೊದಲು ಎದ್ದದ್ದು ಮಾನದ ಪ್ರಶ್ನೆಯಾಗಿ. ಹೊತ್ತಿನ ಲೆಕ್ಕ ಅದರ ಬೆನ್ನಿಗೇ ಬಂತು.

ಗಣಿಗಳ ಲೋಕವೇ ಆ ಲೆಕ್ಕಕ್ಕೆ ಒಂದು ದಾರಿಯನ್ನೂ ತೋರಿಸಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1931ರಲ್ಲಿ ಕಲ್ಲಿದ್ದಲು ಗಣಿಗಳಿಗಾಗಿ ರೂಪಿಸಿದ ಒಡಂಬಡಿಕೆಯಲ್ಲಿ, ಕಾರ್ಮಿಕ ಕೆಳಗಿಳಿಯಲು ತೊಟ್ಟಿಲು ಹತ್ತಿದ ಗಳಿಗೆಯಿಂದ ಮೇಲೆ ಬಂದು ಅದರಿಂದ ಇಳಿಯುವವರೆಗಿನ ಹೊತ್ತನ್ನು ಗಣಿಯಲ್ಲಿ ಕಳೆದ ಹೊತ್ತೆಂದೇ ಎಣಿಸಲಾಯಿತು. ತೊಟ್ಟಿಲಲ್ಲಿ ನಿಂತವನು ಕಲ್ಲಿದ್ದಲು ಅಗೆಯುವುದಿಲ್ಲ, ನಿಜ. ಆದರೆ ಅವನು ಅಲ್ಲಿ ತನ್ನಿಚ್ಛೆಯಿಂದ ನಿಂತಿಲ್ಲ. ಅದರ ಹಿಂದಿನ ವರ್ಷ ಅಂಗಡಿ, ಕಚೇರಿಗಳಿಗಾಗಿ ಮಾಡಿದ ಒಡಂಬಡಿಕೆ ಇದನ್ನು ಇನ್ನೂ ನೇರವಾಗಿ ಹೇಳಿತು: ನೌಕರ ಮಾಲೀಕನ ಅಧೀನದಲ್ಲಿರುವಷ್ಟು ಹೊತ್ತೂ ಕೆಲಸದ ಹೊತ್ತು.

ನಮ್ಮ ಕಾನೂನು ಏನನ್ನುತ್ತದೆ? 1946ರ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆ, ಕಾರ್ಖಾನೆಯ ನಿಯಮಾವಳಿಯಲ್ಲಿ ಇರಲೇಬೇಕಾದ ವಿಷಯಗಳ ಪಟ್ಟಿ ಕೊಟ್ಟಿತ್ತು. ಗೊತ್ತುಪಡಿಸಿದ ಗೇಟಿನಿಂದಲೇ ಒಳಬರಬೇಕು, ಶೋಧನೆಗೆ ಒಳಪಡಬೇಕು ಎಂಬುದು ಅದರಲ್ಲೊಂದು. ಕಾರ್ಮಿಕ ತಪಾಸಣೆಗೆ ಬದ್ಧನೆಂದು ಹೇಳಿದ ಆ ಪಟ್ಟಿ, ಅದಕ್ಕೆ ತಗಲುವ ಹೊತ್ತು ಯಾರ ಖಾತೆಗೆ ಎಂಬುದನ್ನು ಹೇಳಲಿಲ್ಲ. 1948ರ ಕಾರ್ಖಾನೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಮೀರಿದ ಹೊತ್ತಿಗೆ ಇಮ್ಮಡಿ ಕೂಲಿ ವಿಧಿಸಿತ್ತು. ಗೇಟಿನ ಸಾಲಿನ ಹೆಸರನ್ನು ಅದೂ ಎತ್ತಲಿಲ್ಲ. 2025ರ ನವೆಂಬರ್ 21ರಿಂದ ಈ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಇಮ್ಮಡಿ ದರವೇನೋ ಉಳಿದಿದೆ. ಆದರೆ ಮೊದಲು 100 ಜನರಿದ್ದ ಕಡೆ ಅನ್ವಯಿಸುತ್ತಿದ್ದ ಸ್ಥಾಯಿ ಆದೇಶದ ನಿಯಮ ಈಗ 300 ಜನರಿದ್ದಲ್ಲಿ ಮಾತ್ರ ಕಡ್ಡಾಯ.

ಹೊರದೇಶಗಳಲ್ಲಿ ಈ ಪ್ರಶ್ನೆ ನೇರವಾಗಿ ನ್ಯಾಯಾಲಯದ ಮೆಟ್ಟಿಲೇರಿದೆ. ಅಮೆರಿಕದ ನೆವಾಡಾದಲ್ಲಿ ಅಮೆಜಾನ್ ಗೋದಾಮುಗಳಲ್ಲಿ ದುಡಿಯುತ್ತಿದ್ದ ಗುತ್ತಿಗೆ ನೌಕರರು, ಪಾಳಿ ಮುಗಿದ ಮೇಲೆ ತಪಾಸಣೆಗೆ ಸುಮಾರು 25 ನಿಮಿಷ ಕಾಯಬೇಕಾಗುತ್ತದೆಂದು ದಾವೆ ಹೂಡಿದರು. ಅಲ್ಲಿನ ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ಒಮ್ಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ಗೋದಾಮಿನ ಸರಕು ತೆಗೆದು ಕಟ್ಟುವುದು ಅವರ ಕೆಲಸ. ತಪಾಸಣೆ ಅದರ ಅವಿಭಾಜ್ಯ ಭಾಗವಲ್ಲ ಎಂಬುದು ಅದರ ತರ್ಕ. 1947ರಲ್ಲೇ ಅಮೆರಿಕದ ಸಂಸತ್ತು, ಮುಖ್ಯ ಕೆಲಸಕ್ಕೆ ಹಿಂದು ಮುಂದಿನ ಚಟುವಟಿಕೆಗಳಿಗೆ ಕೂಲಿ ಬೇಕಿಲ್ಲವೆಂದು ಮಾಡಿದ್ದ ಕಾನೂನು ಇದಕ್ಕೆ ಆಧಾರ. ಹೆಚ್ಚು ತಪಾಸಕರನ್ನಿಟ್ಟು ಕಾಯುವ ಹೊತ್ತನ್ನು ಇಳಿಸಬಹುದಿತ್ತು ಎಂಬ ನೌಕರರ ಮಾತಿಗೆ, ಅದನ್ನು ಮಾಲೀಕರೊಡನೆ ಕುಳಿತು ಚೌಕಾಸಿ ಮಾಡಿಕೊಳ್ಳಿ ಎಂಬ ಉತ್ತರ ಬಂತು.

ಆರು ವರ್ಷವೂ ಕಳೆಯಲಿಲ್ಲ. 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಸುಪ್ರೀಂ ಕೋರ್ಟು, ಆ್ಯಪಲ್ ಅಂಗಡಿಗಳ ನೌಕರರ ಮೊಕದ್ದಮೆಯಲ್ಲಿ ತನ್ನ ರಾಜ್ಯದ ನಿಯಮವನ್ನಾಧರಿಸಿ ತದ್ವಿರುದ್ಧ ತೀರ್ಪು ಕೊಟ್ಟಿತು. ಚೀಲ ತರದಿದ್ದರೆ ತಪಾಸಣೆಯೇ ಇಲ್ಲವಲ್ಲ ಎಂದು ಕಂಪನಿ ವಾದಿಸಿತ್ತು. ಚೀಲವನ್ನೂ ಫೋನನ್ನೂ ಬಿಟ್ಟು ದುಡಿಯಲು ಬರುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂಬುದು ನ್ಯಾಯಾಲಯದ ಧೋರಣೆಯಾಗಿತ್ತು. ಫೋನು ಬದುಕಿನ ಅಂಗವೆಂದು ಸಾರುವ ಕಂಪನಿಯೇ ಹೀಗೆ ವಾದಿಸಿದ್ದರ ವಿರೋಧಾಭಾಸವೂ ಅದರ ಕಣ್ಣಿಗೆ ಬಿತ್ತು. ನಸುಕಿಗೆ ಬುತ್ತಿ ಕಟ್ಟಿಕೊಂಡು ಹೊರಡುವ ನಮ್ಮ ಹೆಣ್ಣುಮಗಳಿಗೂ ಈ ಮಾತು ಸಲ್ಲುತ್ತದೆ.

ಕಾರ್ಖಾನೆಯ ಮಾತಾಯಿತು, ಊರಲ್ಲೇ ಉಳಿದವರ ಕಥೆಯೇನು? ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಸುಳ್ಳು ಹಾಜರಿ ತಡೆಯಲೆಂದು ಕೆಲಸಗಾರರ ಫೋಟೊವನ್ನು ಮೊಬೈಲಿನಲ್ಲಿ ದಿನಕ್ಕೆರಡು ಸಲ ತೆಗೆದು ಕಳಿಸುವ ವ್ಯವಸ್ಥೆ, 2023ರ ಜನವರಿ 1ರಿಂದ ದೇಶದಾದ್ಯಂತ ಕಡ್ಡಾಯವಾಯಿತು. ಬೆಳಿಗ್ಗೆಯೇ ಕೆಲಸ ಮುಗಿಸಿದವರೂ ಎರಡನೆಯ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕಾಯಿತು. ನೆಟ್‌ವರ್ಕ್ ಸಿಗದ ಕಡೆ ಪರದಾಟವೇ ಬೇರೆ. ಅಲ್ಲಿ ಕೂಲಿ ಸಿಗುತ್ತಿದ್ದುದು ಅಗೆದ ಮಣ್ಣಿನ ಅಳತೆಗೆ; ಕಾದ ಹೊತ್ತಿಗೆ ಅಳತೆಯಿರಲಿಲ್ಲ. ಕಳ್ಳತನ ಮಾಡಿದವರು ಯಾರೋ, ಅದಕ್ಕೆ ದಿನದಿನವೂ ದಂಡ ತೆತ್ತವರು ಇನ್ನಾರೋ.

ಮಾಲೀಕರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಕಳವು ನಡೆಯುವುದುಂಟು. ಸಾಲಿನಲ್ಲಿ ನಿಂತದ್ದಕ್ಕೂ ಹಣ ಕೊಟ್ಟರೆ ಬೇಕೆಂದೇ ನಿಧಾನಿಸುವವರು ಇರಬಹುದು. ಇಂತಿಷ್ಟು ನಿಮಿಷವೆಂದು ಮೊದಲೇ ಗೊತ್ತುಮಾಡಿ ಸಂಬಳದ ಲೆಕ್ಕಕ್ಕೆ ಸೇರಿಸಿದರೆ ಆ ಅಂಜಿಕೆ ಇರದು. ಹಾಜರಿಯ ಯಂತ್ರವನ್ನು ತಪಾಸಣೆಯ ಒಳಗಿಡುವ ಬದಲು ಹೊರಗಿಡುವುದು ಇನ್ನೂ ಸುಲಭ: ಬರುವಾಗ ಕಾರ್ಡು ಒತ್ತಿ ತಪಾಸಣೆಗೆ ನಿಲ್ಲಲಿ, ಹೋಗುವಾಗ ತಪಾಸಣೆ ಮುಗಿಸಿ ಕಾರ್ಡು ಒತ್ತಲಿ.

ಹಾಗೆ ಮಾಡಿದಲ್ಲಿ ಸಾಲು ತಾನಾಗಿಯೇ ಚಿಕ್ಕದಾಗುವ ಸಂಭವ ಹೆಚ್ಚು. ಕಾಯುವ ಹೊತ್ತು ಬಿಟ್ಟಿಯಾಗಿ ಸಿಗುವವರೆಗೆ ಎರಡನೆಯ ಗೇಟು ತೆರೆಯುವ, ಇನ್ನಿಬ್ಬರು ಕಾವಲುಗಾರರನ್ನಿಡುವ ಅಗತ್ಯ ಮಾಲೀಕರಿಗೆ ಕಾಣುವುದಿಲ್ಲ. ನಿಮಿಷಕ್ಕಿಷ್ಟೆಂದು ತಮ್ಮ ಖಾತೆಯಿಂದ ಹೋಗತೊಡಗಿದರೆ ಮರುದಿನವೇ ಕಂಡೀತು. ಅಂದರೆ ಇಲ್ಲಿ ಕಾರ್ಮಿಕರು ಕೇಳುತ್ತಿರುವುದು ಬರಿಯ ಹಣವಲ್ಲ. ಸಂಜೆಯ ಬಸ್ಸು ಹಿಡಿಯಬೇಕಾದ ತಾಯಿಗೆ, ಕತ್ತಲಾಗುವ ಮುನ್ನ ಮಗು ಕರೆತರಬೇಕಾದವಳಿಗೆ ಆ 20 ನಿಮಿಷವೇ ದೊಡ್ಡದು.

ಸೊತ್ತು ಮಾಲೀಕರದು, ಅದನ್ನು ಕಾಯುವ ಹಕ್ಕೂ ಅವರದೇ. ಹಾಗಿದ್ದ ಮೇಲೆ ಕಾಯುವ ಖರ್ಚೂ ಅವರದೇ ಆಗಬೇಕಲ್ಲವೇ? ಬೀಜದ ಚೀಲ ಮರೆತ ರೈತನಿಗೆ ತಿಳಿದಿರುವ ಈ ಸಂಗತಿ ಕಾರ್ಖಾನೆಯ ಗೇಟಿಗೂ ತಲುಪಲಿ.